ಚಳಿಗಾಲ ಪೂರ್ತಿ ನಿಂತಿದ್ದ ಕಾರು ಏಪ್ರಿಲ್‌ನಲ್ಲಿ ತಕರಾರು ಮಾಡ್ತಿದ್ಯಾ? ದುಡ್ಡು ಬಿಚ್ಚೋ ಮುಂಚೆ ಇದಿಷ್ಟು ಅಳೆದು ನೋಡಿ

ಮಿನೆಸೋಟ, ವಿಸ್ಕಾನ್ಸಿನ್, ಮಿಷಿಗನ್, ಆ ಕಡೆ ಕೆನಡಾದ ಒಂಟಾರಿಯೊ, ಈ ಭಾಗದಲ್ಲಿರೋ ನಮ್ಮ ಕನ್ನಡದೋರಲ್ಲಿ ಎರಡು ಥರದ ಜನ ಕಾರನ್ನ ಚಳಿಗಾಲ ಪೂರ್ತಿ ನಿಲ್ಲಿಸಿಡ್ತಾರೆ. ಒಂದು, ಡಿಸೆಂಬರ್‌ನಲ್ಲಿ ಊರಿಗೆ ಹೊರಟು ಸಂಕ್ರಾಂತಿ ಶಿವರಾತ್ರಿ ಎಲ್ಲ ಮುಗಿಸ್ಕೊಂಡು ಯುಗಾದಿ ಹೊತ್ತಿಗೆ ವಾಪಸ್ ಬರೋರು. ಇನ್ನೊಂದು, ರೋಡಿಗೆ ಸುರಿಯೋ ಉಪ್ಪಿಂದ ಒಳ್ಳೆ ಕಾರು ತುಕ್ಕು ಹಿಡಿದು ಹಾಳಾಗತ್ತೆ ಅಂತ ಅದನ್ನ ನವೆಂಬರ್‌ನಲ್ಲೇ ಗ್ಯಾರೇಜ್ ಸೇರಿಸಿ, ಹಳೇ ಗಾಡೀಲಿ ಓಡಾಡೋರು. ಇಬ್ರಿಗೂ ಮಾರ್ಚ್ ಕೊನೇಲಿ ಬರೋ ತಲೆನೋವು ಒಂದೇ. ಸ್ಟಾರ್ಟ್ ಆಗಲ್ಲ, ಸ್ಟಾರ್ಟ್ ಆದ್ರೆ ಅಲ್ಲಾಡತ್ತೆ, ಬ್ರೇಕ್ ಹಿಡಿದ್ರೆ ಕರಕರ ಅನ್ನತ್ತೆ, ಡ್ಯಾಶ್‌ಬೋರ್ಡಲ್ಲಿ ಹಳದಿ ಲೈಟು, ಒಳಗೆ ಕೂತ್ರೆ ಏನೋ ವಾಸನೆ.

ಹೀಗಾದಾಗ ಸೀದಾ ಟೋ ಮಾಡಿಸಿ ಶಾಪಿಗೆ ಹಾಕೋದು ಸುಲಭ, ಆದ್ರೆ ಬ್ಯಾಟರಿ, ನಾಲ್ಕು ಟೈರ್, ಬ್ರೇಕಿನ ರೋಟರ್ (ಚಕ್ರದ ಜೊತೆ ತಿರುಗೋ ತಟ್ಟೆ), ಅದನ್ನ ಹಿಡಿಯೋ ಪ್ಯಾಡ್ ಎಲ್ಲ ಸೇರಿಸಿ ಬಿಲ್ ಕೈಗೆ ಬಂದಾಗ ಎದೆ ಧಸಕ್ ಅನ್ನತ್ತೆ. ನಾನು ಹೇಳೋದು ಇಷ್ಟೇ, ನಿಂತಿದ್ದ ಕಾರಲ್ಲಿ ಬಹಳಷ್ಟು ಸಲ ಏನೂ ಮುರಿದಿರಲ್ಲ, ಚಾರ್ಜ್ ಇಳಿದಿರತ್ತೆ, ಗಾಳಿ ಇಳಿದಿರತ್ತೆ, ಮೇಲ್ಮೇಲೆ ತುಕ್ಕು ಕೂತಿರತ್ತೆ. ನಿಜವಾಗ್ಲೂ ಕೆಟ್ಟಿರೋದು ಯಾವುದು, ಬರೀ ಖಾಲಿಯಾಗಿರೋದು ಯಾವುದು ಅಂತ ಬೇರೆ ಮಾಡೋಕೆ ಒಂದು ಸಾಧಾರಣ ಮಲ್ಟಿಮೀಟರ್, ಒಂದು ಟೈರ್ ಗೇಜ್, ಒಂದು ಟಾರ್ಚ್ ಸಾಕು.

ಕೀ ತಿರುಗಿಸೋ ಮುಂಚೆ

ಆಸೆಗೆ ಬಿದ್ದು ಮೊದಲು ಸ್ಟಾರ್ಟ್ ಒತ್ತಬೇಡಿ, ಇದು ತುಂಬಾ ಮುಖ್ಯ. ನಿಲ್ಲಿಸೋವಾಗ ಯಾರಾದ್ರೂ ಸೈಲೆನ್ಸರ್ ಬಾಯಿಗೋ ಏರ್ ಇಂಟೇಕಿಗೋ ಇಲಿ ಬರದೇ ಇರ್ಲಿ ಅಂತ ಸ್ಟೀಲ್ ವುಲ್ ತುರುಕಿದ್ರೆ ಅದನ್ನ ಮೊದಲು ತೆಗೀಬೇಕು. ಹಾಗೆ ತುರುಕೋರು ಸ್ಟೀರಿಂಗಿಗೆ ಒಂದು ಚೀಟಿ ಕಟ್ಟಿ ಹೋದ್ರೆ ಒಳ್ಳೇದು, ಮೂರು ತಿಂಗಳಾದ್ಮೇಲೆ ಯಾರಿಗೂ ನೆನಪಿರಲ್ಲ.

ಕಾರಿನ ಕೆಳಗೆ ನೆಲ ನೋಡಿ. ಕಪ್ಪು ಅಥವಾ ಕಂದು ಕಲೆ ಇದ್ರೆ ಆಯಿಲ್, ಹಸಿರು ಕಿತ್ತಳೆ ಗುಲಾಬಿ ಬಣ್ಣದ ಅಂಟು ಕಲೆ ಇದ್ರೆ ಕೂಲಂಟ್, ಚಕ್ರದ ಒಳಮಗ್ಗುಲಲ್ಲಿ ಎಣ್ಣೆ ಥರ ಒದ್ದೆ ಇದ್ರೆ ಬ್ರೇಕ್ ಫ್ಲೂಯಿಡ್ ಇರಬಹುದು, ಆಗ ಕಾರನ್ನ ಅಲ್ಲಾಡಿಸಲೇ ಬೇಡಿ. ಆಮೇಲೆ ಹುಡ್, ಅಂದ್ರೆ ಬಾನೆಟ್ ಎತ್ತಿ, ಏರ್ ಫಿಲ್ಟರ್ ಡಬ್ಬಿ ತೆಗೀರಿ, ಬಹಳ ಗಾಡಿಗಳಲ್ಲಿ ಬರೀ ಎರಡೋ ನಾಲ್ಕೋ ಕ್ಲಿಪ್ ಅಷ್ಟೇ. ನಮ್ಮ ಬೀದೀಲಿ ಒಬ್ರ ಕಾರಿನ ಡಬ್ಬಿ ತೆಗೆದಾಗ ಫಿಲ್ಟರಿನ ಮಡಿಕೆ ಮಡಿಕೆಗೂ ಸೂರ್ಯಕಾಂತಿ ಬೀಜ, ಹಕ್ಕಿಗೆ ಅಂತ ಪಕ್ಕದ ಮನೆಯೋರು ಹಾಕಿದ್ದು, ಒಂದೊಂದಾಗಿ ಸಾಗಿಸಿ ಸಾಲಾಗಿ ಜೋಡಿಸಿಟ್ಟಿತ್ತು ಇಲಿ, ಮೂಲೇಲಿ ಹುಡ್ ಕೆಳಗಿನ ಹತ್ತಿ ಲೈನಿಂಗ್ ಕಿತ್ತು ತಂದು ಮೆತ್ತನೆ ಗೂಡು. ಅದೇ ಸ್ಥಿತೀಲಿ ಎಂಜಿನ್ ಸ್ಟಾರ್ಟ್ ಮಾಡಿದ್ರೆ ಉಸಿರಾಡೋಕೆ ಗಾಳಿ ಸಿಗದೆ ಹೊಗೆ ಕಾರ್ತಿತ್ತು, ಅದಕ್ಕೆ ನೂರೆಂಟು ಸೆನ್ಸರ್ ಚೆಕ್ ಮಾಡಿಸ್ಬೇಕಾಗ್ತಿತ್ತು.

ಇಲಿ ಹಿಕ್ಕೆ, ಗೂಡು ಕಂಡ್ರೆ ವ್ಯಾಕ್ಯೂಮ್ ಹಾಕ್ಬೇಡಿ, ಒಣಗಿದ್ದನ್ನ ಗುಡಿಸ್ಬೇಡಿ. ಉತ್ತರ ಅಮೆರಿಕಾದ ಡಿಯರ್ ಮೌಸ್ ಅನ್ನೋ ಇಲಿ ಹಂಟಾವೈರಸ್ ಹರಡತ್ತೆ, ಧೂಳಾಗಿ ಎದ್ದು ಮೂಗಿಗೆ ಹೋದ್ರೆ ಜೀವಕ್ಕೆ ಅಪಾಯ. ಬಾಗಿಲು ತೆಗೆದು ಸ್ವಲ್ಪ ಹೊತ್ತು ಗಾಳಿಯಾಡೋಕೆ ಬಿಟ್ಟು, ಗ್ಲೌಸ್ ಹಾಕ್ಕೊಂಡು, ಬ್ಲೀಚ್ ಬೆರೆಸಿದ ನೀರನ್ನ ಚೆನ್ನಾಗಿ ನೆನೆಯೋ ಹಾಗೆ ಸಿಂಪಡಿಸಿ, ಐದು ನಿಮಿಷ ಬಿಟ್ಟು, ಪೇಪರ್ ಟವೆಲಲ್ಲಿ ಒರೆಸಿ ಕವರಿಗೆ ಕಟ್ಟಿ ಎಸೀರಿ. ವೈರ್‌ಗಳ ಮೇಲೆ ಟಾರ್ಚ್ ಬಿಟ್ಟು ನೋಡಿ, ತಾಮ್ರ ಹೊಳೀತಿದ್ಯಾ, ಸಿಪ್ಪೆ ಕಚ್ಚಿರೋ ಗುರುತಿದ್ಯಾ ಅಂತ. ಇದ್ರೆ ಫೋಟೋ ತೆಗೆದಿಟ್ಕೊಳ್ಳಿ, ಇನ್ಶೂರೆನ್ಸ್‌ನಲ್ಲಿ ಕಾಂಪ್ರಿಹೆನ್ಸಿವ್ ಕವರ್ ಇದ್ರೆ ಇಲಿ ಕಚ್ಚಿದ್ದಕ್ಕೆ ಸಾಮಾನ್ಯವಾಗಿ ಕ್ಲೇಮ್ ಆಗತ್ತೆ.

ಕೀ ತಿರುಗಿಸಿದ್ರೆ ಸದ್ದೇ ಇಲ್ಲ, ಇಲ್ಲಾ ಟಿಕ್ ಟಿಕ್ ಟಿಕ್

ಬ್ಯಾಟರಿ ಅಂತ ಎಲ್ರಿಗೂ ಗೊತ್ತು, ಆದ್ರೆ ಬ್ಯಾಟರಿ ಖಾಲಿಯಾಗಿದ್ಯಾ ಸತ್ತಿದ್ಯಾ ಅನ್ನೋದು ಬೇರೆ ಪ್ರಶ್ನೆ. ಮೊದಲು ಕಣ್ಣಲ್ಲಿ ನೋಡಿ. ಡಬ್ಬಿಯ ಮಗ್ಗುಲು ಉಬ್ಬಿದ್ರೆ, ಬಿರುಕು ಬಿಟ್ಟಿದ್ರೆ ಒಳಗೆ ಐಸ್ ಆಗಿದೆ ಅಥವಾ ಆಗಿತ್ತು ಅಂತ ಅರ್ಥ. ಫುಲ್ ಚಾರ್ಜ್ ಇರೋ ಲೆಡ್ ಆಸಿಡ್ ಬ್ಯಾಟರಿ ಇಲ್ಲಿನ ಯಾವ ಚಳಿಗೂ ಹೆಪ್ಪುಗಟ್ಟಲ್ಲ, ಮೈನಸ್ 50 ಸೆಲ್ಸಿಯಸ್‌ಗೂ ಕೆಳಗೆ ಹೋಗ್ಬೇಕು. ಆದ್ರೆ ಪೂರ್ತಿ ಖಾಲಿಯಾದ ಬ್ಯಾಟರಿ ಒಳಗಿರೋದು ಹೆಚ್ಚುಕಮ್ಮಿ ಬರೀ ನೀರು, ಅದು ಮೈನಸ್ 7ರ ಆಸುಪಾಸಲ್ಲೇ ಐಸ್ ಆಗತ್ತೆ. ಮಿನಿಯಾಪೊಲಿಸ್ ಜನವರೀಲಿ ಮೈನಸ್ 7 ಅಂದ್ರೆ ಮಾಮೂಲಿ ದಿನ. ಐಸ್ ಆಗಿರೋ ಬ್ಯಾಟರಿಗೆ ಜಂಪ್ ಕೊಡೋದು, ಚಾರ್ಜರ್ ಹಾಕೋದು ಮಾಡ್ಲೇಬೇಡಿ, ಸಿಡಿಯೋ ಅಪಾಯ ಇದೆ. ಉಬ್ಬಿದ್ದು, ಬಿರುಕಾದದ್ದು ಮತ್ತೆ ಉಪಯೋಗಕ್ಕಿಲ್ಲ, ಬದಲಾಯಿಸೋದೊಂದೇ ದಾರಿ.

ಡಬ್ಬಿ ಸರಿಯಾಗಿದ್ರೆ ಮಲ್ಟಿಮೀಟರ್ ಡಿಸಿ 20 ವೋಲ್ಟಿಗೆ ಇಟ್ಟು ಬ್ಯಾಟರಿಯ ಎರಡು ಪೋಸ್ಟ್, ಅಂದ್ರೆ ಪ್ಲಸ್ ಮೈನಸ್ ಗುಬುಟುಗಳ ಮೇಲೆ ಹಿಡೀರಿ. 12.6 ಅಥವಾ ಮೇಲೆ ಇದ್ರೆ ಫುಲ್, 12.4 ಅಂದ್ರೆ ಸುಮಾರು ಮುಕ್ಕಾಲು, 12.2 ಅಂದ್ರೆ ಅರ್ಧ, 12ಕ್ಕೆ ಬಂದ್ರೆ ಕಾಲು ಭಾಗ, 11.9ಕ್ಕಿಂತ ಕಮ್ಮಿ ಅಂದ್ರೆ ಖಾಲಿ. 12.6 ತೋರಿಸ್ತಿದೆ ಆದ್ರೂ ಬರೀ ಟಿಕ್ ಅನ್ನತ್ತೆ ಅಂದ್ರೆ ಬ್ಯಾಟರಿನ ಬೈಬೇಡಿ, ಪೋಸ್ಟಿಗೆ ಬಿಗಿದಿರೋ ಕೇಬಲಿನ ಕ್ಲಾಂಪ್ ನೋಡಿ. ಮೀಟರಿನ ಒಂದು ಕಡ್ಡಿ ಪೋಸ್ಟ್ ಮೇಲೆ, ಇನ್ನೊಂದು ಅದೇ ಪೋಸ್ಟಿನ ಕ್ಲಾಂಪ್ ಮೇಲೆ ಇಟ್ಟು ಇನ್ನೊಬ್ರಿಗೆ ಕೀ ತಿರುಗಿಸೋಕೆ ಹೇಳಿ, ಅಲ್ಲಿ ಅರ್ಧ ವೋಲ್ಟ್, ಒಂದು ವೋಲ್ಟ್ ತೋರಿಸಿದ್ರೆ ಮಧ್ಯೆ ಬಿಳಿ ಪುಡಿ ಥರ ತುಕ್ಕು ಕೂತು ಕರೆಂಟ್ ದಾಟ್ತಿಲ್ಲ ಅಂತ. ಅಡುಗೆ ಸೋಡಾ ಕಲಸಿದ ನೀರು, ಒಂದು ವೈರ್ ಬ್ರಶ್, ಹತ್ತು ನಿಮಿಷದ ಕೆಲಸ.

ಈಗ 11 ವೋಲ್ಟೋ 10 ವೋಲ್ಟೋ ತೋರಿಸ್ತು ಅನ್ಕೊಳ್ಳಿ. ತಕ್ಷಣ ಹೊಸ ಬ್ಯಾಟರಿ ತರೋಕೆ ಓಡೋ ಮುಂಚೆ ಈ ಲೆಕ್ಕ ಹಾಕಿ. ಇವತ್ತಿನ ಕಾರುಗಳು ಲಾಕ್ ಮಾಡಿ ಮಲಗಿಸಿದ್ರೂ ಅಲಾರಂ, ಕೀಲೆಸ್ ರಿಸೀವರ್, ಕಂಪ್ಯೂಟರ್ ಮೆಮೊರಿ ಅಂತ ಸ್ವಲ್ಪ ಸ್ವಲ್ಪ ಕರೆಂಟ್ ಎಳೀತಾನೇ ಇರತ್ತೆ, 50 ಮಿಲಿಆಂಪ್ ತನಕ ಸಹಜ ಅಂತಾರೆ. ಬರೀ 30 ಅಂತ ಇಟ್ಕೊಂಡ್ರೂ ದಿನಕ್ಕೆ 0.72 ಆಂಪಿಯರ್ ಅವರ್, 90 ದಿನಕ್ಕೆ 65ರ ಹತ್ರ. ಸಾಮಾನ್ಯ ಸೆಡಾನಿನ ಬ್ಯಾಟರಿ 60 ಆಂಪಿಯರ್ ಅವರ್. ಅಂದ್ರೆ ಏನೂ ಕೆಡದೇ ಇರೋ ಕಾರು, ಏನೂ ಕೆಡದೇ ಇರೋ ಬ್ಯಾಟರಿ, ಮೂರು ತಿಂಗಳು ನಿಂತ್ರೆ ಖಾಲಿಯಾಗ್ಲೇಬೇಕು. ಇದು ದೋಷ ಅಲ್ಲ.

ಹಾಗಾಗಿ ಚಾರ್ಜರ್ ಹಾಕಿ. 5 ಆಂಪಿನ ಚಾರ್ಜರ್ ಆದ್ರೆ ರಾತ್ರಿ ಪೂರ್ತಿ ಬೇಕು, ಎಜಿಎಂ ಬ್ಯಾಟರಿ (ಆಸಿಡ್ಡನ್ನ ಗಾಜಿನ ನಾರಿನ ಪದರದಲ್ಲಿ ಹೀರಿಸಿಟ್ಟಿರೋ ಥರದ್ದು) ಆಗಿದ್ರೆ ಚಾರ್ಜರಲ್ಲಿ ಎಜಿಎಂ ಮೋಡ್ ಆರಿಸ್ಕೊಳ್ಳಿ. ಒಂದ್ವೇಳೆ ತೀರಾ ಕಮ್ಮಿ ವೋಲ್ಟೇಜಿದ್ರೆ ಸ್ಮಾರ್ಟ್ ಚಾರ್ಜರ್ ಅದನ್ನ ಬ್ಯಾಟರಿ ಅಂತಾನೇ ಗುರುತಿಸಲ್ಲ, ಆಗ ಚಾರ್ಜರ್ ಕೆಟ್ಟಿದೆ ಅನ್ಕೋಬೇಡಿ, ಆಟೋ ಪಾರ್ಟ್ಸ್ ಅಂಗಡಿಗೆ ತಗೊಂಡ್ಹೋಗಿ, ಬಹಳ ಕಡೆ ಫ್ರೀ ಆಗಿ ಚಾರ್ಜ್ ಮಾಡಿ ಟೆಸ್ಟೂ ಮಾಡಿಕೊಡ್ತಾರೆ. ಫುಲ್ ಆದ್ಮೇಲೆ ಕೇಬಲ್ ಕಳಚಿ ಹಾಗೇ ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಅಳೀರಿ. 12.6 ಅಲ್ಲೇ ನಿಂತಿದ್ರೆ ಬ್ಯಾಟರಿ ಗಟ್ಟಿ. 12.2ಕ್ಕೆ ಜಾರಿದ್ರೆ ಅದರ ಆಯಸ್ಸು ಮುಗೀತಾ ಬಂತು. ಎಷ್ಟು ಚಾರ್ಜ್ ಮಾಡಿದ್ರೂ 10.5ರ ಹತ್ರಾನೇ ನಿಲ್ತಿದ್ರೆ ಆರು ಸೆಲ್‌ಗಳಲ್ಲಿ ಒಂದು ಹೋಗಿದೆ, ಅದಕ್ಕೆ ಮದ್ದಿಲ್ಲ.

ತುರ್ತಿಗೆ ಜಂಪ್ ಕೊಡೋದಾದ್ರೆ ಕೆಂಪು ಮೊದಲು ಖಾಲಿ ಬ್ಯಾಟರಿಯ ಪ್ಲಸ್, ಆಮೇಲೆ ಒಳ್ಳೇದರ ಪ್ಲಸ್, ಕಪ್ಪು ಒಳ್ಳೇದರ ಮೈನಸ್, ಕೊನೇ ಕಪ್ಪು ಖಾಲಿ ಕಾರಿನ ಬ್ಯಾಟರಿಯಿಂದ ದೂರ ಇರೋ ಎಂಜಿನ್ ಲೋಹಕ್ಕೆ, ಕಿಡಿ ಹಾರಿದ್ರೂ ಬ್ಯಾಟರಿಯ ಗ್ಯಾಸ್ ಹತ್ರ ಹಾರಬಾರ್ದು ಅಂತ. ಸ್ಟಾರ್ಟ್ ಆದ್ಮೇಲೆ ಪೋಸ್ಟಲ್ಲಿ 13.5ರಿಂದ 14.7 ಬಂದ್ರೆ ಎಂಜಿನ್ ಓಡೋವಾಗ ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್ ಸರಿ ಇದೆ. ಆದ್ರೆ ಕಾಸ್ಟ್ಕೊ ಅಂಗಡಿ ತನಕ ಹೋಗಿ ಬಂದ್ರೆ ಚಾರ್ಜ್ ಆಗೋಗತ್ತೆ ಅನ್ನೋ ನಂಬಿಕೆ ಬಿಡಿ, ಅರ್ಧ ಗಂಟೆ ಓಡಿಸಿದ್ರೆ ಖಾಲಿ ಬ್ಯಾಟರಿ ತುಂಬಲ್ಲ, ಮನೆಗೆ ಬಂದು ಚಾರ್ಜರ್ ಹಾಕ್ಲೇಬೇಕು.

ಕೆಲವ್ರಿಗೆ ಎರಡೇ ವಾರಕ್ಕೆ ಖಾಲಿಯಾಗತ್ತೆ. ಆಗ ಮಾತ್ರ ಎಲ್ಲೋ ಸೋರ್ತಿದೆ ಅಂತ ಹುಡುಕ್ಬೇಕು. ಮೊದಲು ಡ್ಯಾಶ್‌ಕ್ಯಾಮ್ ಕೀಳಿ, ಸ್ಟೀರಿಂಗ್ ಕೆಳಗಿನ ಒಬಿಡಿ ಪೋರ್ಟಿಗೆ (ಮೆಕ್ಯಾನಿಕ್ ಸ್ಕ್ಯಾನರ್ ಚುಚ್ಚೋ ಜಾಗ) ಇನ್ಶೂರೆನ್ಸ್ ಕಂಪನಿ ಕೊಟ್ಟ ಡಾಂಗಲ್ ಇದ್ರೆ ಅದನ್ನೂ ಕೀಳಿ, ಎಷ್ಟೋ ಸಲ ಕಳ್ಳ ಇಲ್ಲೇ ಸಿಕ್ಕಿಬೀಳ್ತಾನೆ. ಆಗ್ಲಿಲ್ಲ ಅಂದ್ರೆ ಮೈನಸ್ ಕೇಬಲ್ ಕಳಚಿ ಕೇಬಲ್ಲಿಗೂ ಪೋಸ್ಟಿಗೂ ಮಧ್ಯೆ ಮೀಟರನ್ನ 10 ಆಂಪಿನ ರೇಂಜಲ್ಲಿ ಜೋಡಿಸಿ, ಕೀ ಫಾಬ್ ಮನೆ ಒಳಗಿಟ್ಟು, ಕಾರಿನ ಕಂಪ್ಯೂಟರ್‌ಗಳೆಲ್ಲ ಮಲಗೋಕೆ ಒಂದು ಗಂಟೆ ಟೈಮ್ ಕೊಡಿ. ಮೀಟರ್ ಜೋಡಿಸಿರೋವಾಗ ಕಾರು ಸ್ಟಾರ್ಟ್ ಮಾಡಿದ್ರೆ ಮೀಟರಿನ ಫ್ಯೂಸ್ ಹಾರೋಗತ್ತೆ, ನೆನಪಿರ್ಲಿ. ಆಮೇಲೂ 50 ಮಿಲಿಆಂಪ್ ದಾಟಿದ್ರೆ ಫ್ಯೂಸ್ ಒಂದೊಂದೇ ತೆಗೀತಾ ಹೋಗಿ, ಯಾವುದು ತೆಗೆದಾಗ ಅಂಕಿ ಧಡ್ ಅಂತ ಬೀಳತ್ತೋ ಅದೇ ಸರ್ಕ್ಯೂಟು.

ಎಂಜಿನ್ ತಿರುಗತ್ತೆ, ಹತ್ಕೊಳ್ಳಲ್ಲ

ಸ್ಟಾರ್ಟರ್ ಜೋರಾಗಿ ತಿರುಗಿಸ್ತಿದೆ, ಎಂಜಿನ್ ಹತ್ತಲ್ಲ ಅಂದ್ರೆ ಬ್ಯಾಟರಿ ಬಿಟ್ಬಿಡಿ, ಪೆಟ್ರೋಲ್ ಅಥವಾ ಕಿಡಿ. ಕೀ ಆನ್ ಮಾಡಿ, ಸ್ಟಾರ್ಟ್ ಮಾಡ್ದೇ ಹಿಂದಿನ ಸೀಟ್ ಕಡೆ ಕಿವಿ ಕೊಡಿ, ಎರಡು ಸೆಕೆಂಡ್ ಝೂಂ ಅಂತ ಪಂಪ್ ಸದ್ದು ಬರ್ಬೇಕು. ಬರ್ದಿದ್ರೆ ಫ್ಯೂಸ್, ರಿಲೇ, ಇಲ್ಲಾ ಇಲಿ ಕಡಿದ ವೈರ್. ಡ್ಯಾಶ್‌ನಲ್ಲಿ ಕೀ ಚಿತ್ರ ಮಿಣುಕ್ತಿದ್ರೆ ಕಳ್ಳತನ ತಡೆಯೋ ಇಮ್ಮೊಬಿಲೈಸರ್ ಕೀನ ಗುರುತಿಸ್ತಿಲ್ಲ, ಫಾಬಿನ ಪುಟ್ಟ ಸೆಲ್ ಬದಲಾಯಿಸಿ ನೋಡಿ, ಬಹಳ ಗಾಡಿಗೆ ಸಿಆರ್ 2032.

ಪಂಪ್ ಕೇಳಿಸ್ತಿದ್ರೆ ಪೆಟ್ರೋಲ್ ಹಳೇದಾಗಿದ್ಯಾ ಯೋಚಿಸ್ಬೇಕು. ಅಮೆರಿಕಾದಲ್ಲಿ ಬಹುತೇಕ ಎಲ್ಲಾ ಕಡೆ ಸಿಗೋದು 10 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲ್, ಮಿನೆಸೋಟದಲ್ಲಂತೂ ಎಥನಾಲ್ ಬೆರೆಸೋದು ಕಾನೂನು ಪ್ರಕಾರ ಕಡ್ಡಾಯ. ಎಥನಾಲ್ ಗಾಳೀಲಿರೋ ತೇವ ಹೀರ್ಕೊಳ್ಳತ್ತೆ, ಟ್ಯಾಂಕ್ ಅರ್ಧ ಖಾಲಿ ಇದ್ರೆ ಒಳಗೆ ಗಾಳಿ ಜಾಸ್ತಿ, ತೇವಾನೂ ಜಾಸ್ತಿ, ಒಂದು ಹಂತ ದಾಟಿದ್ಮೇಲೆ ನೀರೂ ಎಥನಾಲೂ ಒಟ್ಟಿಗೆ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯತ್ತೆ, ಪಂಪ್ ಮೊದಲು ಎಳ್ಕೊಳ್ಳೋದು ಅದನ್ನೇ. ನಿಜ ಹೇಳ್ಬೇಕಂದ್ರೆ ಮೂರು ತಿಂಗಳಿಗೆ ಹೀಗಾಗೋದು ಕಮ್ಮಿ, ಇವತ್ತಿನ ಟ್ಯಾಂಕ್‌ಗಳು ಚೆನ್ನಾಗಿ ಮುಚ್ಚಿರತ್ತೆ. ಆರು ತಿಂಗಳು, ವರ್ಷ ನಿಂತಿದ್ರೆ ಮಾತ್ರ ಅನುಮಾನ ಪಡಿ. ಟ್ಯಾಂಕಲ್ಲಿ ಜಾಗ ಇದ್ರೆ ಹೊಸ ಪೆಟ್ರೋಲ್ ತುಂಬಿ ಬೆರೆಸೋದು ಮೊದಲ ಪ್ರಯತ್ನ, ವಾರ್ನಿಶ್ ಥರ ಹುಳಿ ವಾಸನೆ ಬಂದ್ರೆ ಪೂರ್ತಿ ಖಾಲಿ ಮಾಡಿಸೋದೇ ಸರಿ.

ಪದೇ ಪದೇ ಸ್ಟಾರ್ಟ್ ಒತ್ತಿ ಪೆಟ್ರೋಲ್ ವಾಸನೆ ಬರ್ತಿದ್ರೆ ಎಂಜಿನ್ ಒದ್ದೆಯಾಗಿದೆ. ಆಕ್ಸಿಲರೇಟರ್ ಪೂರ್ತಿ ಕೆಳಗೆ ಒತ್ತಿ ಹಿಡ್ಕೊಂಡು ಐದಾರು ಸೆಕೆಂಡ್ ತಿರುಗಿಸಿ, ಬಹಳಷ್ಟು ಕಾರುಗಳು ಆಗ ಪೆಟ್ರೋಲ್ ನಿಲ್ಸಿ ಬರೀ ಗಾಳಿ ಎಳ್ಕೊಳ್ಳತ್ತೆ. ಗ್ಯಾರೇಜ್ ಬಾಗಿಲು ಪೂರ್ತಿ ತೆಗೆದಿರ್ಬೇಕು, ಹತ್ತಿದ ತಕ್ಷಣ ಕಾರನ್ನ ಆಚೆ ತನ್ನಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಗ್ಯಾರೇಜ್ ಮನೆಗೆ ಅಂಟ್ಕೊಂಡಿದ್ರೆ ಒಳಗೆ ಮಲಗಿರೋ ಮಕ್ಕಳ ತನಕ ಹೋಗತ್ತೆ.

ಹತ್ತಿದ ಕ್ಷಣಾನೇ ಉಳೋ ಟ್ರ್ಯಾಕ್ಟರ್ ಥರ ಅಬ್ಬರಿಸಿದ್ರೆ ಎಂಜಿನ್ ಕೆಟ್ಟಿಲ್ಲ, ಬಗ್ಗಿ ಕೆಳಗೆ ನೋಡಿ, ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರನ್ನ ಯಾರೋ ಕೊಯ್ಕೊಂಡು ಹೋಗಿರ್ತಾರೆ. ಹೊರಗಡೆ ಲಾಟಲ್ಲಿ ತಿಂಗಳುಗಟ್ಟಲೆ ಅಲ್ಲಾಡದೆ ನಿಂತ ಕಾರು, ಅದ್ರಲ್ಲೂ ಟೊಯೋಟ ಪ್ರಿಯಸ್ ಥರದ್ದು, ಕಳ್ಳರ ಕಣ್ಣಿಗೆ ಬೇಗ ಬೀಳತ್ತೆ. ಪೊಲೀಸ್ ರಿಪೋರ್ಟ್, ಆಮೇಲೆ ಇನ್ಶೂರೆನ್ಸ್.

ಸ್ಟಾರ್ಟ್ ಆಯ್ತು, ಆದ್ರೆ ಮುಂದಕ್ಕೆ ಹೋಗಲ್ಲ

ಡ್ರೈವ್‌ಗೆ ಹಾಕಿದ್ರೆ ಹಿಂಭಾಗ ಕೂತ್ಕೊಂಡು ಮುಂಭಾಗ ಎದ್ದ ಹಾಗೆ ಆಗತ್ತೆ, ಕದಲಲ್ಲ. ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿ ಹೋದ ಕಾರುಗಳ ಕಥೆ ಇದು. ಒದ್ದೆ ಚಕ್ರದಲ್ಲಿ ನಿಲ್ಲಿಸಿದಾಗ ಪ್ಯಾಡೂ ರೋಟರೂ, ಇಲ್ಲಾ ಶೂ ಡ್ರಮ್ಮೂ, ತುಕ್ಕಲ್ಲಿ ಬೆಸೆದುಹೋಗಿರತ್ತೆ, ಇಲ್ಲಾ ಕೇಬಲ್ ಒಳಗೆ ನೀರು ಐಸ್ ಆಗಿರತ್ತೆ. ಐಸ್ ಆಗಿದ್ರೆ ಬೆಚ್ಚಗಾಗೋ ತನಕ ಕಾಯೋದೇ ಉತ್ತಮ. ತುಕ್ಕಾದ್ರೆ ಹ್ಯಾಂಡ್‌ಬ್ರೇಕ್ ಬಿಟ್ಟು ಡ್ರೈವ್, ರಿವರ್ಸ್ ಅಂತ ಮೆಲ್ಲಗೆ ಹಿಂದೆ ಮುಂದೆ ತೂಗಿ, ಠಕ್ ಅಂತ ಸದ್ದಾಗಿ ಬಿಟ್ಕೊಳ್ಳತ್ತೆ. ಎಂಜಿನ್ ಅಬ್ಬರಿಸಿ ಎಳೆದ್ರೆ ಪ್ಯಾಡಿನ ಮೇಲ್ಪದರ ಲೋಹದಿಂದ ಕಿತ್ತು ರೋಟರಿಗೇ ಅಂಟ್ಕೊಂಡು ಉಳಿಯತ್ತೆ. ಮುಂದಿನ ವರ್ಷ ನಿಲ್ಲಿಸೋವಾಗ ಸಮತಟ್ಟು ನೆಲ, ಗೇರ್ ಪಿ, ಚಕ್ರಕ್ಕೆ ಮರದ ತುಂಡು, ಹ್ಯಾಂಡ್‌ಬ್ರೇಕ್ ಬೇಡ.

ಮೊದಲ ಹತ್ತು ಸಲ ಬ್ರೇಕ್ ಹಿಡಿದಾಗ ಕರಕರ ಅನ್ನೋದು ರೋಟರ್ ಮೇಲಿನ ತೆಳು ತುಕ್ಕು, ಪ್ಯಾಡೇ ಅದನ್ನ ಒರೆಸಿಹಾಕತ್ತೆ, ಖಾಲಿ ರೋಡಲ್ಲಿ ನಿಧಾನಕ್ಕೆ ನಾಲ್ಕೈದು ಸಲ ಬ್ರೇಕ್ ಹಾಕಿ. ಅದಾದ್ಮೇಲೂ ಚಕ್ರ ಒಂದು ಸುತ್ತಿಗೆ ಒಂದ್ಸಲ ದುಮ್ ದುಮ್ ಅಂತ ಪೆಡಲ್ ಮಿಡಿದ್ರೆ, ಪ್ಯಾಡ್ ಕೂತಿದ್ದ ಜಾಗದಲ್ಲಿ ರೋಟರ್ ಮೇಲೆ ಅಚ್ಚು ಬಿದ್ದಿದೆ, ಸ್ವಲ್ಪ ದಿನ ಓಡಿಸಿ ನೋಡಿ, ಹೋಗ್ಲಿಲ್ಲ ಅಂದ್ರೆ ಆಗ ರೋಟರ್. ಹದಿನೈದು ಇಪ್ಪತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ ನಾಲ್ಕೂ ಚಕ್ರದ ಹತ್ರ ಅಂಗೈ ತನ್ನಿ, ಮುಟ್ಟಬೇಡಿ. ಎಡಕ್ಕೂ ಬಲಕ್ಕೂ ಒಂದೇ ಶಾಖ ಇರ್ಬೇಕು. ಒಂದು ಕಡೆ ಮಾತ್ರ ಧಗೆ ಹೊಡೀತಿದ್ರೆ, ಸುಟ್ಟ ವಾಸನೆ ಇದ್ರೆ ಅಲ್ಲಿ ಪ್ಯಾಡನ್ನ ಒತ್ತೋ ಕ್ಯಾಲಿಪರ್ ಅಥವಾ ಅದರ ಸ್ಲೈಡ್ ಪಿನ್ ಜಾಮ್ ಆಗಿದೆ. ಇದನ್ನ ಮುಂದಕ್ಕೆ ಹಾಕೋ ಹಾಗಿಲ್ಲ.

ಟೈರ್: ಅಲ್ಲಾಟ, ಹಳದಿ ಲೈಟು, ಬಿರುಕು

ಜನ ಸುಮ್ಸುಮ್ನೆ ಅತಿ ಹೆಚ್ಚು ದುಡ್ಡು ಕಳ್ಕೊಳ್ಳೋದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳ್ತೀನಿ.

ಮೊದಲು ಟೈರಲ್ಲಿ ಗಾಳಿ ಕಮ್ಮಿ ಅನ್ನೋ ಹಳದಿ ಲೈಟು. ತಾಪಮಾನ 5.6 ಸೆಲ್ಸಿಯಸ್, ಅಂದ್ರೆ 10 ಫ್ಯಾರನ್‌ಹೀಟ್ ಇಳಿದ್ರೆ ಟೈರಲ್ಲಿ ಸುಮಾರು 1 ಪಿಎಸ್ಐ (ಗಾಳಿ ಒತ್ತಡದ ಅಳತೆ) ಇಳಿಯತ್ತೆ. 20 ಡಿಗ್ರಿ ಸೆಲ್ಸಿಯಸ್ ಇರೋ ಗ್ಯಾರೇಜಲ್ಲಿ 35 ತುಂಬಿಸಿದ್ದ ಕಾರನ್ನ ಮೈನಸ್ 20ಕ್ಕೆ ಆಚೆ ನಿಲ್ಲಿಸಿದ್ರೆ 7 ಪಿಎಸ್ಐ ಅಲ್ಲೇ ಹೋಯ್ತು, ಉಳಿದಿದ್ದು 28. ಅದರ ಮೇಲೆ ರಬ್ಬರ್ ಮೂಲಕವೇ ತಿಂಗಳಿಗೆ 1 ಪಿಎಸ್ಐ ಆಸುಪಾಸು ಹೋಗ್ತಾನೇ ಇರತ್ತೆ, ಮೂರು ತಿಂಗಳಿಗೆ 25. ಅಮೆರಿಕಾ ರೂಲ್ ಪ್ರಕಾರ ಡ್ರೈವರ್ ಬಾಗಿಲ ಚೌಕಟ್ಟಿಗೆ ಅಂಟಿಸಿರೋ ಚೀಟೀಲಿ ಬರೆದಿರೋದಕ್ಕಿಂತ 25 ಪರ್ಸೆಂಟ್ ಇಳಿಯೋ ಹೊತ್ತಿಗೆ ಲೈಟ್ ಹತ್ಬೇಕು, 35ಕ್ಕೆ ಅದು 26ರ ಹತ್ರ. ನೋಡಿ, ಒಂದು ಮೊಳೆನೂ ಚುಚ್ಚದೆ ಲೈಟ್ ಬಂತು. ಹಾಗಾಗಿ ನಾಲ್ಕೂ ಟೈರ್ ಅಳೀರಿ. ನಾಲ್ಕೂ ಹೆಚ್ಚುಕಮ್ಮಿ ಒಂದೇ ಥರ ಇಳಿದಿದ್ರೆ ಚಳಿ ಮತ್ತೆ ಕಾಲ, ಗಾಳಿ ತುಂಬಿಸಿದ್ರೆ ಮುಗೀತು. ಒಂದು ಮಾತ್ರ 15ಕ್ಕೋ 10ಕ್ಕೋ ಬಂದಿದ್ರೆ ಅದು ಲೀಕು. ಸೋಪಿನ ನೀರು ವಾಲ್ವಿಗೆ, ಟ್ರೆಡ್ಡಿಗೆ, ಮುಖ್ಯವಾಗಿ ರಿಮ್ಮಿಗೂ ಟೈರಿಗೂ ಸೇರೋ ಅಂಚಿಗೆ ಹಾಕಿ ಗುಳ್ಳೆ ನೋಡಿ. ಉಪ್ಪಲ್ಲಿ ಓಡಾಡಿದ ಅಲಾಯ್ ರಿಮ್ಮಿನ ಅಂಚು ಬಿಳಿಬಿಳಿಯಾಗಿ ತುಕ್ಕು ಹಿಡಿದು ಅಲ್ಲಿಂದಾನೇ ಗಾಳಿ ಜಿನುಗತ್ತೆ. ಅದಕ್ಕೆ ಹೊಸ ಟೈರ್ ಬೇಕಿಲ್ಲ, ಟೈರ್ ಬಿಚ್ಚಿ ರಿಮ್ ಅಂಚು ಉಜ್ಜಿ ಸೀಲರ್ ಹಚ್ಚಿ ಹಾಕಿದ್ರೆ ಆಯ್ತು.

ಲೈಟ್ ಸುಮ್ನೆ ಉರೀತಿದ್ಯಾ, ಮೊದಲು ಒಂದು ನಿಮಿಷ ಮಿಣುಕಿ ಆಮೇಲೆ ಉರಿಯತ್ತಾ ಅನ್ನೋದನ್ನೂ ನೋಡಿ. ಸುಮ್ನೆ ಉರಿದ್ರೆ ಗಾಳಿ ಕಮ್ಮಿ. ಮಿಣುಕಿ ನಿಂತ್ರೆ ಗಾಳಿಯ ಮಾತಲ್ಲ, ಸೆನ್ಸರ್ ಉತ್ತರ ಕೊಡ್ತಿಲ್ಲ. ಚಳಿಗಾಲದ ಚಕ್ರಗಳಲ್ಲಿ ಸೆನ್ಸರ್ ಇಲ್ಲದೇ ಇರಬಹುದು, ಇಲ್ಲಾ ಸೆನ್ಸರ್ ಒಳಗಿನ ಬ್ಯಾಟರಿ ಮುಗಿದಿರಬಹುದು, ಅದರ ಆಯಸ್ಸು ಐದರಿಂದ ಹತ್ತು ವರ್ಷ.

ಅಲ್ಲಾಟ. ನಿಂತ ಜಾಗದಲ್ಲೇ ತಿಂಗಳುಗಟ್ಟಲೆ ಭಾರ ಹೊತ್ತ ಟೈರ್ ನೆಲ ಮುಟ್ಟಿದ ಕಡೆ ಚಪ್ಪಟೆಯಾಗತ್ತೆ, ಫ್ಲ್ಯಾಟ್ ಸ್ಪಾಟ್ ಅಂತಾರಲ್ಲ ಅದು. ಗಾಳಿ ಸರಿಯಾಗಿ ತುಂಬಿ ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿಸಿ, ಟೈರ್ ಬಿಸಿಯಾದ ಹಾಗೆ ಅಲ್ಲಾಟ ಕಮ್ಮಿಯಾಗ್ತಾ ಹೋದ್ರೆ ತಾತ್ಕಾಲಿಕ ಅಂತ ಅರ್ಥ, ಬಿಟ್ಬಿಡಿ. ಗಾಳಿ ಇಲ್ದೆ ಕೂತಿದ್ದ ಟೈರ್ ಆದ್ರೆ ಸರಿಹೋಗದೇನೂ ಇರಬಹುದು. ಬಿಸಿಯಾದ್ಮೇಲೂ ಅಲ್ಲಾಡ್ತಿದ್ರೆ ಎಲ್ಲಿ ಅಂತ ಗಮನಿಸಿ. ಸ್ಟೀರಿಂಗ್ ನಡುಗಿದ್ರೆ ಮುಂದಿನ ಚಕ್ರ, ಸೀಟ್ ನಡುಗಿದ್ರೆ ಹಿಂದಿನದು. ಗಂಟೆಗೆ 80ರಿಂದ 110 ಕಿಲೋಮೀಟರ್ ಸ್ಪೀಡಲ್ಲಿ ಮಾತ್ರ ಬಂದ್ರೆ ಬ್ಯಾಲೆನ್ಸ್, ರಿಮ್ಮಿನ ಒಳಮಗ್ಗುಲಲ್ಲಿ ಕೆಸರೋ ಐಸೋ ಮೆತ್ಕೊಂಡಿದ್ಯಾ, ತೂಕದ ತುಂಡು ಉದುರಿದ್ಯಾ ನೋಡಿ. ಕಮ್ಮಿ ಸ್ಪೀಡಲ್ಲೇ ಎಡಬಲ ಓಲಾಡಿದ್ರೆ ಟೈರ್ ಒಳಗಿನ ಬೆಲ್ಟ್ ಜಾರಿರಬಹುದು, ಮಗ್ಗುಲಲ್ಲಿ ಉಬ್ಬು ಕಂಡ್ರೆ ಆ ಟೈರಲ್ಲಿ ಹೈವೇ ಹತ್ತಬೇಡಿ.

ಚಕ್ರ ಬದಲಾಯಿಸಿದ ಮೇಲೆ ಶುರುವಾದ ಅಲ್ಲಾಟಕ್ಕೆ ಬೇರೇನೇ ಕಾರಣ. ಚಕ್ರ ಕೂರೋ ಹಬ್ ಅನ್ನೋ ಲೋಹದ ಭಾಗದ ಮುಖದ ಮೇಲೆ ಉಪ್ಪಿನ ತುಕ್ಕು ಪದರ ಪದರವಾಗಿ ಎದ್ದಿರತ್ತೆ, ಅದರ ಮೇಲೇ ಚಕ್ರ ಕೂರಿಸಿದ್ರೆ ಸ್ವಲ್ಪ ಓರೆಯಾಗಿ ಕೂರತ್ತೆ. ಕಳಚಿ, ವೈರ್ ಬ್ರಶ್ಶಲ್ಲಿ ಹಬ್ ಉಜ್ಜಿ, ನಟ್‌ಗಳನ್ನ ನಕ್ಷತ್ರದ ಕ್ರಮದಲ್ಲಿ, ಎದುರುಬದುರು, ಟಾರ್ಕ್ ರೆಂಚಲ್ಲಿ ಬಿಗಿಯಿರಿ. ಸಾಮಾನ್ಯ ಕಾರಿಗೆ 80ರಿಂದ 100 ಫೂಟ್ ಪೌಂಡ್, ನಿಮ್ಮದಕ್ಕೆ ಎಷ್ಟು ಅಂತ ಮ್ಯಾನುಯಲ್ಲಲ್ಲಿ ಇರತ್ತೆ. 80ರಿಂದ 100 ಕಿಲೋಮೀಟರ್ ಓಡಿದ್ಮೇಲೆ ಮತ್ತೆ ಒಂದ್ಸಲ ರೆಂಚ್ ಹಿಡೀಲೇಬೇಕು. ಬದಲಾಯಿಸಿದ ಮಾರನೇ ದಿನ ಚಕ್ರದಿಂದ ಕಟಕಟ ಸದ್ದು ಬಂದ್ರೆ ಮನೆ ತನಕ ಹೋಗಿ ನೋಡೋಣ ಅನ್ಬೇಡಿ, ಅಲ್ಲೇ ಪಕ್ಕಕ್ಕೆ ನಿಲ್ಲಿಸಿ, ನಟ್ ಸಡಿಲವಾಗಿರತ್ತೆ.

ಬಿರುಕಿಗೆ ಎರಡು ಕಾರಣ. ಒಂದು, ಸ್ಪೋರ್ಟಿ ಕಾರಿಗೆ ಬರೋ ಸಮ್ಮರ್ ಟೈರ್. ಅದರ ರಬ್ಬರ್ 7 ಡಿಗ್ರಿಗಿಂತ ಕೆಳಗೇ ಗಟ್ಟಿಯಾಗೋಕೆ ಶುರು, ಫ್ರೀಜಿಂಗಿಗಿಂತ ಬಹಳ ಕೆಳಗೆ ಹೋದಾಗ ಅದರ ಮೇಲೆ ಕಾರನ್ನ ಒಂದಡಿ ಜರುಗಿಸಿದ್ರೂ ಟ್ರೆಡ್ ಬ್ಲಾಕ್ ಸೀಳಬಹುದು. ಜನವರೀಲಿ ಗ್ಯಾರೇಜ್ ಗುಡಿಸೋಕೆ ಅಂತ ಕಾರನ್ನ ಆಚೆ ತಳ್ಳೋರು ಇದನ್ನ ತಿಳ್ಕೊಂಡಿರ್ಬೇಕು. ಹೀಗೆ ಸೀಳಿದ್ದಕ್ಕೆ ರಿಪೇರಿ ಇಲ್ಲ. ಇನ್ನೊಂದು ಓಝೋನ್ ಬಿರುಕು, ಮಗ್ಗುಲಲ್ಲಿ ಸಣ್ಣ ಸಣ್ಣ ಕೂದಲೆಳೆ ಥರದ್ದು. ಬೇಸ್‌ಮೆಂಟಲ್ಲಿ ಫರ್ನೆಸ್, ಸಂಪ್ ಪಂಪ್ ಪಕ್ಕದಲ್ಲೇ ಟೈರ್ ಪೇರಿಸಿಟ್ರೆ ಆ ಮೋಟರ್‌ಗಳಿಂದ ಬರೋ ಓಝೋನ್ ರಬ್ಬರನ್ನ ತಿನ್ನತ್ತೆ. ಮೇಲ್ಮೇಲಿನ ಗೆರೆಗಳಾದ್ರೆ ವಯಸ್ಸು ನೋಡಿ ತೀರ್ಮಾನ ಮಾಡಿ. ಮಗ್ಗುಲಲ್ಲಿ ಡಿಒಟಿ ಅಂತ ಶುರುವಾಗೋ ಸಾಲಿನ ಕೊನೇ ನಾಲ್ಕು ಅಂಕಿ 3521 ಅಂತಿದ್ರೆ 2021ರ 35ನೇ ವಾರದಲ್ಲಿ ಮಾಡಿದ್ದು. ಬಿರುಕಿನ ಒಳಗೆ ದಾರ ಕಂಡ್ರೆ ಯೋಚನೆ ಬೇಡ, ಎಸೀರಿ.

ಟ್ರೆಡ್ ಎಷ್ಟು ಉಳಿದಿದೆ ಅಂತ ನೋಡೋಕೆ ಕ್ವಾರ್ಟರ್ ನಾಣ್ಯವನ್ನ ತಲೆಕೆಳಗಾಗಿ ಸಂದಿಗೆ ಇಡಿ. ವಾಷಿಂಗ್ಟನ್ ತಲೆಯ ತುದಿ ಟ್ರೆಡ್ ಒಳಗೆ ಮುಳುಗಿದ್ರೆ 3.2 ಎಂಎಂ ಮೇಲಿದೆ, ಒದ್ದೆ ರೋಡಿಗೆ ಅಷ್ಟಾದ್ರೂ ಬೇಕು, ಹಿಮಕ್ಕೆ ಅದಕ್ಕಿಂತ ಜಾಸ್ತಿ ಇದ್ರೆ ಒಳ್ಳೇದು. 1.6 ಎಂಎಂ ಅನ್ನೋದು ಅಮೆರಿಕಾದ ಬಹಳಷ್ಟು ರಾಜ್ಯಗಳಲ್ಲಿ ಕಾನೂನಿನ ಕನಿಷ್ಠ, ನಮ್ಮ ಇಂಡಿಯಾದಲ್ಲೂ ಅಷ್ಟೇ.

ಒಳಗೆ ತೇವ, ಹೊರಗೆ ಕೂಲಂಟ್

ಗಾಜು ಒಳಗಿಂದ ಮಂಜಾಗಿ ಕಾರ್ಪೆಟ್ ಒದ್ದೆಯಾಗಿದ್ರೆ ಸನ್‌ರೂಫಿನ ನೀರು ಹೋಗೋ ಕೊಳವೆ ಕಟ್ಟಿದೆ, ಇಲ್ಲಾ ವೈಪರ್ ಕೆಳಗೆ ಎಲೆ ತುಂಬಿದೆ. ಬ್ಲೋವರ್ ಆನ್ ಮಾಡಿದ್ರೆ ಮೂತ್ರದ ವಾಸನೆ ಬಂದ್ರೆ ಗ್ಲೋವ್ ಬಾಕ್ಸ್ ಹಿಂದಿನ ಕ್ಯಾಬಿನ್ ಫಿಲ್ಟರಲ್ಲಿ ಇಲಿ ಸಂಸಾರ ಮಾಡಿದೆ, ತಕ್ಷಣ ಆಫ್ ಮಾಡಿ ಮೇಲೆ ಹೇಳಿದ ಹಾಗೆ ನೆನೆಸಿ ತೆಗೀರಿ. ಪ್ಲಾಸ್ಟಿಕ್ ಟಾರ್ಪಾಲ್ ಹೊದಿಸಿದ್ರೆ ತೇವ ಅದರ ಒಳಗೇ ಸಿಕ್ಕಿಬಿದ್ದು ತುಕ್ಕು, ಬೂಷ್ಟು ಎರಡೂ ಜಾಸ್ತಿ, ಉಸಿರಾಡೋ ಬಟ್ಟೆ ಕವರೇ ಬೇಕು.

ಕೂಲಂಟ್ ಅರ್ಧಕ್ಕರ್ಧ ನೀರು ಗ್ಲೈಕಾಲ್ ಇದ್ರೆ ಮೈನಸ್ 37ರ ತನಕ ತಡೆಯತ್ತೆ. ಬೇಸಿಗೇಲಿ ಕಮ್ಮಿಯಾದಾಗಲೆಲ್ಲ ಬರೀ ನೀರು ಸುರಿದಿದ್ದ ಕಾರು ಮೈನಸ್ 25ಕ್ಕೇ ಐಸ್ ಆಗಬಹುದು, ಆಗ ಎಂಜಿನ್ ಬ್ಲಾಕಿನ ಪಕ್ಕದ ಬಿಲ್ಲೆಗಳು ಹೊರಗೆ ತಳ್ಕೊಂಡು ಬರತ್ತೆ. ಹೊಸದಾಗಿ ನೆಲದ ಮೇಲೆ ಕೂಲಂಟ್ ಕಂಡ್ರೆ, ಇಲ್ಲಾ ಸೈಲೆನ್ಸರಿಂದ ನಿಲ್ಲದೆ ಸಿಹಿ ವಾಸನೆಯ ಬಿಳಿ ಹೊಗೆ ಬಂದ್ರೆ ಎಂಜಿನ್ ಆಫ್ ಮಾಡಿ, ಟೋ ಮಾಡಿಸೋ ಸಂದರ್ಭ ಅಂದ್ರೆ ಇದೇ. ಆ ಸಿಹಿ ವಾಸನೆಗೆ ನಾಯಿ ಬೆಕ್ಕು ನೆಕ್ಕತ್ತೆ, ವಿಷ, ತಕ್ಷಣ ತೊಳೆದುಬಿಡಿ.

ಈಗ ಕಳಚಿಡೋ ವಿಂಟರ್ ಟೈರ್ ಬಗ್ಗೆ

ದಿನದ ಸರಾಸರಿ 7 ಡಿಗ್ರಿ ದಾಟಿ ಸ್ಥಿರವಾದ್ಮೇಲೆ ವಿಂಟರ್ ಟೈರ್ ಇಳಿಸಿ, ಟ್ವಿನ್ ಸಿಟೀಸ್ (ಮಿನಿಯಾಪೊಲಿಸ್, ಸೇಂಟ್ ಪಾಲ್) ಕಡೆ ಏಪ್ರಿಲ್ ಮಧ್ಯದ ನಂತರ. ಬಿಸಿಲಲ್ಲಿ ಆ ಮೆತ್ತನೆ ರಬ್ಬರ್ ಬೇಗ ಸವೆಯತ್ತೆ. ಕ್ವಿಬೆಕ್‌ನಲ್ಲಿದ್ರೆ ಡಿಸೆಂಬರ್ 1ರಿಂದ ಮಾರ್ಚ್ 15ರ ತನಕ ವಿಂಟರ್ ಟೈರ್ ಕಡ್ಡಾಯ, ಅದಕ್ಕೆ ಮುಂಚೆ ಇಳಿಸೋ ಪ್ರಶ್ನೇನೇ ಇಲ್ಲ. ಕಳಚೋವಾಗ ಸೀಮೆಸುಣ್ಣದಲ್ಲಿ ಎಡಮುಂದೆ, ಬಲಹಿಂದೆ ಅಂತ ಪ್ರತಿಯೊಂದರ ಮೇಲೂ ಬರೀರಿ, ಸೋಪಲ್ಲಿ ಉಪ್ಪು ತೊಳೆದು ಪೂರ್ತಿ ಒಣಗಿಸಿ, ಹೊಳಪಿನ ಸ್ಪ್ರೇ ಹೊಡೀಬೇಡಿ, ಒಂದೊಂದನ್ನೂ ದಪ್ಪ ಕಸದ ಕವರಿಗೆ ಹಾಕಿ ಗಾಳಿ ಹಿಂಡಿ ಬಾಯಿ ಕಟ್ಟಿ. ರಿಮ್ ಸಮೇತ ಇದ್ರೆ ಒಂದರ ಮೇಲೊಂದು ಮಲಗಿಸಿ ಅಥವಾ ನೇತುಹಾಕಿ, ಬರೀ ಟೈರ್ ಆದ್ರೆ ನಿಲ್ಲಿಸಿಡಿ, ತಿಂಗಳಿಗೊಮ್ಮೆ ಸ್ವಲ್ಪ ಉರುಳಿಸಿ. ಬಿಸಿಲು ಬೀಳದ, ಮೋಟರ್ ಇಲ್ಲದ, ಪೆಟ್ರೋಲ್ ಡಬ್ಬ ಇಡದ ಮೂಲೆ ಬೇಕು, ಅಪಾರ್ಟ್‌ಮೆಂಟಲ್ಲಿರೋರಿಗೆ ಬಾಲ್ಕನಿಗಿಂತ ಕ್ಲಾಸೆಟ್ ವಾಸಿ. ಆ ಟೈರ್‌ಗಳ ಟ್ರೆಡ್ ಆಳ ಈಗಲೇ ಅಳೆದು ಕವರಿನ ಮೇಲೆ ಬರೆದಿಡಿ, 3.2 ಎಂಎಂ ಹತ್ರ ಬಂದಿದ್ರೆ ಮೊದಲ ಹಿಮ ಬಿದ್ದ ದಿನ ಅಂಗಡಿ ಮುಂದೆ ಕ್ಯೂ ನಿಲ್ಲೋ ಬದಲು ಸೆಪ್ಟೆಂಬರಲ್ಲೇ ಆರ್ಡರ್ ಮಾಡಬಹುದು.